ಮೈಬಿಸಿಗೆ ಹೊತ್ತಿಕೊಳ್ಳುವ ದೀಪ

ಕತ್ತಲಲ್ಲಿ ಮೆಟ್ಟಿಲ ಬುಡಕ್ಕೆ ಬಂದವರು ಗೋಡೆ ತಡವುವ ಮೊದಲೇ ದೀಪ ಹತ್ತಿಕೊಂಡಿತೆಂದರೆ ಅದರ ಹಿಂದೆ ಎರಡು ಜಾಣತನ ಕೆಲಸ ಮಾಡಿರುತ್ತವೆ. ಒಂದು, ಚಾವಣಿಗೆ ಕಚ್ಚಿಕೊಂಡಿರುವ ಆ ಬಿಳಿ ಗುಬುಟಿನ ಒಳಗಿನದು. ಇನ್ನೊಂದು, ಅದನ್ನು ಅಲ್ಲೇ, ಅಷ್ಟೇ ಎತ್ತರಕ್ಕೆ, ಆ ಮೂಲೆಯತ್ತಲೇ ಮುಖ ಮಾಡಿ ಕೂರಿಸಿದ ವೈರ್‌ಮನ್ನನದು. ಮೊದಲನೆಯದು ಇಂದು ಯಾವ ಎಲೆಕ್ಟ್ರಿಕಲ್ ಅಂಗಡಿಗೆ ಹೋದರೂ ಸಿಗುತ್ತದೆ. ಎರಡನೆಯದು ಕಣ್ಣಿಟ್ಟು ನೋಡಿ ಕಲಿಯಬೇಕಾದ ಕಸುಬು. ಮೋಷನ್ ಸೆನ್ಸರ್ ಹಾಕಿಸಿ, ಬೇಕಾದಾಗ ಹತ್ತಲಿಲ್ಲ ಬೇಡದಾಗ ಹತ್ತಿತು ಎಂದು ಬೇಸತ್ತು ಕೀಳಿಸಿದವರನ್ನು ವಿಚಾರಿಸಿದರೆ, ಸಾಮಾನ್ಯವಾಗಿ ತಪ್ಪಿರುವುದು ಅದು ಕೂತ ಜಾಗ.

ಜಾಗ ಆರಿಸಬೇಕಾದರೆ ಅದು ನೋಡುವ ರೀತಿ ಗೊತ್ತಿರಬೇಕು. ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪಿಐಆರ್, ಅಂದರೆ ಪ್ಯಾಸಿವ್ ಇನ್‌ಫ್ರಾರೆಡ್ ಸೆನ್ಸರ್. ಅದು ತಾನಾಗಿ ಏನನ್ನೂ ಹೊರಸೂಸುವುದಿಲ್ಲ. ಬಂದದ್ದನ್ನು ಬರಮಾಡಿಕೊಳ್ಳುತ್ತದೆ ಅಷ್ಟೆ. ನಮ್ಮ ಚರ್ಮ ಸುಮಾರು 33 ಡಿಗ್ರಿ ಬಿಸಿ ಇರುತ್ತದೆ. ಆ ಬಿಸಿಯಿಂದ ಕಣ್ಣಿಗೆ ಕಾಣದ ಕಿರಣಗಳು ಸದಾ ಹೊರಡುತ್ತಿರುತ್ತವೆ. ಅವುಗಳ ಜೋರು ಹೆಚ್ಚಿರುವುದು 9ರಿಂದ 10 ಮೈಕ್ರೋಮೀಟರ್ ತರಂಗದಲ್ಲಿ. ಕಣ್ಣು ಕಾಣುವ ಬೆಳಕು 1 ಮೈಕ್ರೋಮೀಟರ್ ಕೂಡ ಮುಟ್ಟುವುದಿಲ್ಲ. ಈ ಕಿರಣ ಬಿದ್ದು ತುಸು ಬಿಸಿಯಾದರೆ ಸಾಕು, ಮೈಮೇಲೆ ವಿದ್ಯುತ್ತು ಮೂಡಿಸಿಕೊಳ್ಳುವ ಕೆಲವು ಹರಳು, ಪಿಂಗಾಣಿಗಳಿವೆ. 18ನೇ ಶತಮಾನದ ಮೊದಲಲ್ಲಿ ಡಚ್ಚರು ಸಿಂಹಳದಿಂದ ಯೂರೋಪಿಗೆ ಒಯ್ದ ಟೂರ್ಮಲೀನ್ ಹರಳು ಕೆಂಡದ ಹತ್ತಿರ ಬಿಸಿಯಾದಾಗ ಬೂದಿಯನ್ನು ಸೆಳೆದುಕೊಳ್ಳುತ್ತದೆಂದು ಅಲ್ಲಿನವರು ಬೆರಗಾಗಿದ್ದರು. ಆ ಗುಣಕ್ಕೆ 1824ರಲ್ಲಿ ಪೈರೋಎಲೆಕ್ಟ್ರಿಸಿಟಿ ಎಂದು ಹೆಸರಿಟ್ಟವನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್. ಅಂದು ಬೂದಿ ಎಳೆದ ಆ ಗುಣವೇ ಇಂದು ನಮ್ಮ ಬಚ್ಚಲಿನ ದೀಪ ಹೊತ್ತಿಸುತ್ತಿದೆ.

ಸೆನ್ಸರಿನೊಳಗಿನ ಇಂಥ ಹರಳು ಉತ್ತರ ಕೊಡುವುದು ಬಿಸಿಯ ಏರಿಳಿತಕ್ಕೆ ಮಾತ್ರ. ಬಿಸಿ ಒಂದೇ ಸಮ ಇದ್ದರೆ ಸುಮ್ಮನಿರುತ್ತದೆ. ಅದಕ್ಕಾಗಿಯೇ ಒಳಗೆ ಎರಡು ತುಣುಕುಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿರುತ್ತಾರೆ. ಇಡೀ ಕೋಣೆ ನಿಧಾನವಾಗಿ ಕಾದರೆ ಎರಡೂ ಒಟ್ಟಿಗೆ ಕಾಯುತ್ತವೆ, ಒಂದರದು ಇನ್ನೊಂದರದನ್ನು ಕಳೆದುಹಾಕುತ್ತದೆ. ಬಿಸಿಯಾದ ಮೈಯೊಂದು ಹಾದುಹೋದರೆ ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ ಬೀಳುತ್ತದೆ. ಆ ಹಿಂದುಮುಂದಿನ ತುಯ್ತವನ್ನೇ ಯಂತ್ರ ‘ಯಾರೋ ಬಂದರು’ ಎಂದು ಓದಿಕೊಳ್ಳುವುದು.

ಮುಂದಿರುವ ಹಾಲುಬಣ್ಣದ ಮುಚ್ಚಳ ಅಂದಕ್ಕೆ ಇಟ್ಟದ್ದಲ್ಲ, ಅದೊಂದು ಮಸೂರ. ಹತ್ತಿರದಿಂದ ನೋಡಿದರೆ ಅದರೊಳಗೆ ಚೌಕುಳಿ ಚೌಕುಳಿಯಾಗಿ ಸಣ್ಣ ಗೀರುಬಳೆಗಳು ಕಾಣುತ್ತವೆ. ಫ್ರಾನ್ಸಿನ ಒಗಸ್ಟೀನ್ ಫ್ರೆನೆಲ್ ದೀಪಸ್ತಂಭಗಳಿಗಾಗಿ ರೂಪಿಸಿದ ಮಸೂರವಿದು; 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಮೊದಲು ಉರಿಯಿತು. ದಪ್ಪ ಗಾಜಿನ ಒಳತಿರುಳನ್ನೆಲ್ಲ ತೆಗೆದು ಬಾಗಿದ ಮೇಲ್ಮೈಯನ್ನಷ್ಟೇ ಬಳೆಗಳಾಗಿ ಉಳಿಸಿಕೊಂಡ ಉಪಾಯ. ಅಲ್ಲಿ ಬೆಳಕನ್ನು ದೂರಕ್ಕೆ ಕಳಿಸುವುದಕ್ಕೆ ಹುಟ್ಟಿದ್ದು ಇಲ್ಲಿ ಬಿಸಿಯನ್ನು ಒಳಕ್ಕೆ ಕರೆತರುತ್ತದೆ. ಅದನ್ನು ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನಲ್ಲಿ ಮಾಡುವುದಕ್ಕೂ ಕಾರಣವಿದೆ: ಗಾಜು ಈ ಕಿರಣಗಳನ್ನು ತಡೆಯುತ್ತದೆ, ಈ ಪ್ಲಾಸ್ಟಿಕ್ ಬಿಡುತ್ತದೆ. ಹಾಗಾಗಿ ಪಿಐಆರ್ ಕಿಟಕಿ ಗಾಜಿನಾಚೆ ನಡೆದವರನ್ನು ಕಾಣದು. ಬಚ್ಚಲಲ್ಲಿ ಗಾಜಿನ ತಡಿಕೆಯ ಹಿಂದೆ ಸ್ನಾನ ಮಾಡುತ್ತಿರುವವರನ್ನೂ ಕಾಣದು.

ಮಸೂರದ ಒಂದೊಂದು ಚೌಕುಳಿಯೂ ಕೋಣೆಯ ಒಂದೊಂದು ಸೀಳನ್ನು ಹರಳಿನ ಮೇಲೆ ತಂದು ಕೂಡಿಸುತ್ತದೆ. ಛತ್ರಿಯ ಕಡ್ಡಿಗಳ ಹಾಗೆ ಈ ಸೀಳುಗಳು ಸೆನ್ಸರಿನಿಂದ ಹೊರಟು ಹರಡಿಕೊಂಡಿರುತ್ತವೆ, ನಡುನಡುವೆ ಏನೂ ಕಾಣದ ಸಂದಿಗಳು. ಅಡ್ಡ ಹಾಯುವವರು ಒಂದು ಸೀಳಿನಿಂದ ಇನ್ನೊಂದಕ್ಕೆ ದಾಟುತ್ತಾರೆ, ತಕ್ಷಣ ಸಿಕ್ಕಿಬೀಳುತ್ತಾರೆ. ನೇರವಾಗಿ ಸೆನ್ಸರಿನ ಮೂತಿಗೇ ನಡೆದು ಬರುವವರು ಒಂದೇ ಸೀಳಿನಲ್ಲಿ ಬಹಳ ಹೊತ್ತು ಇರುತ್ತಾರೆ, ತಡವಾಗಿ ಕಾಣುತ್ತಾರೆ. ಸೆನ್ಸರ್ ಕೂರಿಸುವ ಕಸುಬೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಉದ್ದನೆಯ ನಡೆಯ ತುದಿಗೋಡೆಗೆ, ಬರುವವರಿಗೆ ಎದುರಾಗಿ ಸೆನ್ಸರ್ ಹಾಕುವುದು ಮೊದಲು ತೋಚುವ ಜಾಗ. ಅಲ್ಲೇ ದೀಪ ತಡಮಾಡುತ್ತದೆ. ಪಕ್ಕದ ಗೋಡೆಯಲ್ಲಿ ಬಾಗಿಲ ಹತ್ತಿರ ಇದ್ದರೆ, ಇಲ್ಲವೇ ಚಾವಣಿಯಲ್ಲಿ ಇದ್ದರೆ, ಒಳಗಿಟ್ಟ ಮೊದಲ ಹೆಜ್ಜೆಯೇ ಅಡ್ಡ ಹಾಯುತ್ತದೆ. ಕೈಪಳಗಿದ ವೈರ್‌ಮನ್ ಡ್ರಿಲ್ ಎತ್ತುವ ಮುಂಚೆ ಮನೆಯವರು ಎಲ್ಲಿಂದ ಬರುತ್ತಾರೆ, ಯಾವ ಬಾಗಿಲು ಯಾವ ಕಡೆ ತೆರೆಯುತ್ತದೆ, ತೆರೆದ ಬಾಗಿಲು ಸೆನ್ಸರನ್ನು ಮರೆಮಾಡುತ್ತದೆಯೇ ಎಂದು ನೋಡುತ್ತಾನೆ. ತಾನೇ ಆ ದಾರಿಯಲ್ಲಿ ನಾಲ್ಕು ಸಲ ಓಡಾಡುತ್ತಾನೆ. ಆ ಓಡಾಟ ಕಂಡರೆ ಕೆಲಸ ಒಳ್ಳೆಯ ಕೈಗೆ ಸಿಕ್ಕಿದೆಯೆಂದು ನೆಮ್ಮದಿಯಾಗಿರಬಹುದು.

ಮೆಟ್ಟಿಲಲ್ಲಿ ಈ ವಿವೇಕ ಇನ್ನೂ ಹೆಚ್ಚು ಬೇಕು. ಇಳಿಯುವವರು ಮೊದಲ ಮೆಟ್ಟಿಲಿಗೆ ಕಾಲಿಡುವ ಮುಂಚೆಯೇ ದೀಪ ಹತ್ತಿರಬೇಕು. ಎರಡನೆಯ ಮೆಟ್ಟಿಲಲ್ಲಿ ಹತ್ತಿದರೆ ಅಜ್ಜಿಗೆ ಅದರಿಂದ ಉಪಕಾರವಿಲ್ಲ. ಮೆಟ್ಟಿಲು ತಿರುಗುವ ಕಟ್ಟೆಯ ಮೇಲಿನ ಚಾವಣಿ ಒಳ್ಳೆಯ ಜಾಗ, ಕೆಳಗಿನ ಸಾಲೂ ಮೇಲಿನ ಸಾಲೂ ಅಲ್ಲಿಂದ ಕಾಣುತ್ತವೆ. ಆದರೂ ಮೇಲಿನ ಮಹಡಿಯ ಬಾಗಿಲ ಎದುರು ಇನ್ನೊಂದು ಸೆನ್ಸರ್ ಇದ್ದು ಎರಡೂ ಸೇರಿ ಒಂದೇ ದೀಪ ಹೊತ್ತಿಸುವಂತೆ ಮಾಡಿದರೆ ಕೊರತೆ ಉಳಿಯದು. ಈ ಒಂದು ಜಾಗದಲ್ಲಿ ಖರ್ಚಿಗೆ ಹಿಂದೆಗೆಯಬಾರದೆಂದು ನನ್ನ ಅಭಿಪ್ರಾಯ.

ಎತ್ತರವೂ ಮುಖ್ಯ. ಚಾವಣಿಯ ಸೆನ್ಸರ್‌ಗಳನ್ನು ಎಂಟರಿಂದ ಹತ್ತು ಅಡಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಹಳೆಯ ತೊಟ್ಟಿಮನೆಯ ಎತ್ತರದ ತೊಲೆಗೆ ಹಾಕಿದರೆ ಸೀಳುಗಳ ನಡುವಿನ ಸಂದಿ ನೆಲದ ಹತ್ತಿರ ಅಗಲವಾಗಿ, ಅಂಬೆಗಾಲಿಡುವ ಮಗು ಅದರೊಳಗೆ ಕಳೆದುಹೋಗುತ್ತದೆ. ಅಂಥಲ್ಲಿ ಪಕ್ಕದ ಗೋಡೆಯೇ ವಾಸಿ.

ಇನ್ನೊಂದು ಜಾತಿಯ ಸೆನ್ಸರ್ ಇದೆ: ಮೈಕ್ರೋವೇವ್, ಅಂಗಡಿಯವರ ಮಾತಿನಲ್ಲಿ ರಾಡಾರ್ ಸೆನ್ಸರ್. ಸಾಮಾನ್ಯವಾಗಿ 5.8 ಗಿಗಾಹರ್ಟ್ಸ್ ಅಲೆಗಳನ್ನು ತಾನೇ ಹೊರಬಿಟ್ಟು, ಅಲುಗಾಡುವ ಮೈಗೆ ತಾಗಿ ಮರಳುವಾಗ ಆಗುವ ಸ್ವರಭೇದವನ್ನು ಹಿಡಿಯುತ್ತದೆ. 1842ರಲ್ಲಿ ಡಾಪ್ಲರ್ ವಿವರಿಸಿದ ತತ್ವ ಇದು. ಇದಕ್ಕೆ ಎದುರು ಬರುವವರು ಚೆನ್ನಾಗಿ ಕಾಣುತ್ತಾರೆ. ಬಿಸಿಯ ಹಂಗಿಲ್ಲದ್ದರಿಂದ ಕಲಬುರಗಿ, ರಾಯಚೂರಿನ ಕಡೆ ಇದಕ್ಕೆ ಬೆಲೆ ಹೆಚ್ಚು. ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹಗಲು 40 ಡಿಗ್ರಿ ದಾಟುತ್ತದೆ, ಬಿಸಿಲುಂಡ ಆರ್‌ಸಿಸಿ ಚಾವಣಿ ರಾತ್ರಿಯಾದರೂ ತಣಿಯುವುದಿಲ್ಲ. ಗೋಡೆಯೂ ಮೈಯೂ ಒಂದೇ ಬಿಸಿಗೆ ಬಂದಾಗ ಪಿಐಆರ್‌ಗೆ ಮನುಷ್ಯ ಗೋಡೆಯಲ್ಲಿ ಕರಗಿಹೋಗುತ್ತಾನೆ. ಆರು ಮೀಟರಿಗೆ ಕಾಣುತ್ತಿದ್ದವನು ಹತ್ತಿರ ಬಂದರೂ ಕಾಣಲಿಕ್ಕಿಲ್ಲ. ರಾಡಾರಿನ ತೊಡಕು ಬೇರೆ: ತೆಳು ಗೋಡೆ, ಮರದ ಬಾಗಿಲು, ಗಾಜನ್ನು ಅದು ತೂರಿ ನೋಡುತ್ತದೆ. ಬೆಂಗಳೂರಿನ ಇಕ್ಕಟ್ಟಾದ ಮನೆಯಲ್ಲಿ ಬಾಗಿಲಾಚೆ ಬೀದಿಯಲ್ಲಿ ಹೋದವರಿಗೆಲ್ಲ ಒಳಗಿನ ದೀಪ ಹತ್ತುತ್ತಿದ್ದರೆ ಅದರ ಸೂಕ್ಷ್ಮತೆ ತಗ್ಗಿಸಬೇಕು, ಇಲ್ಲವೇ ಪಿಐಆರ್‌ಗೆ ಮರಳಬೇಕು.

ರೂಪಗಳು ಮೂರು ನಾಲ್ಕಿವೆ. ಬಾಡಿಗೆ ಮನೆಯವರಿಗೆ ಪಿನ್ ಹೋಲ್ಡರಿಗೆ ಸಿಕ್ಕಿಸಿ ಅದರ ಮೇಲೆ ಬಲ್ಬ್ ಹಾಕುವ ಸೆನ್ಸರ್ ಹೋಲ್ಡರ್ ಸಾಕು. ಬಿಟ್ಟುಹೋಗುವಾಗ ಕೈಯಲ್ಲಿ ತೆಗೆದುಕೊಂಡು ಹೋಗಬಹುದು. ಆದರೆ ದೀಪದ ಜಾಗವೇ ಸೆನ್ಸರಿನ ಜಾಗ ಆಗಿಬಿಡುವುದು ಅದರ ಮಿತಿ. ಸ್ವಿಚ್‌ಬೋರ್ಡಿನ ಮಾಡ್ಯುಲರ್ ಫಲಕದಲ್ಲಿ ಕೂರುವ ಸೆನ್ಸರ್ ಸ್ವಿಚ್ಚು ನೋಡಲು ಚೊಕ್ಕಟ. ಬೀರು, ಬಾಗಿಲು ಮರೆಮಾಡದಂತೆ ನೋಡಿಕೊಳ್ಳಬೇಕು. ಹಿತ್ತಲಿಗೆ, ಜಗಲಿಗೆ ನೀರು, ಧೂಳಿನ ತಡೆ ತಿಳಿಸುವ ಐಪಿ 44 ಅಥವಾ ಅದಕ್ಕಿಂತ ಮೇಲಿನ ಗುರುತಿನದು ಬೇಕು, ಅದೂ ಸೂರಿನ ಮರೆಯಲ್ಲಿ. ಕರಾವಳಿಯ ಉಪ್ಪುಗಾಳಿಯಲ್ಲಿ ತಾಮ್ರಕ್ಕೆ ಕಿಲುಬು ಬೇಗ ಹತ್ತುತ್ತದೆ, ವೈರ್ ಒಳಹೋಗುವ ತೂತನ್ನು ರಬ್ಬರ್ ಬಿರಡೆಯಿಂದ ಮುಚ್ಚಿಸಿಕೊಳ್ಳಿ.

ಡಬ್ಬದ ಮೇಲಿನ ವ್ಯಾಟ್ ಲೆಕ್ಕವನ್ನು ಎರಡು ಸಲ ಓದಬೇಕು. ಹಳೆಯ ತಂತಿ ಬಲ್ಬಿಗೆ ಒಂದು ಅಂಕಿ, ಎಲ್ಇಡಿಗೆ ಅದಕ್ಕಿಂತ ಬಹಳ ಸಣ್ಣ ಅಂಕಿ ಬರೆದಿರುತ್ತಾರೆ. ಎಲ್ಇಡಿ ಒಳಗಿನ ಕೆಪಾಸಿಟರ್ ಹತ್ತಿದ ಕ್ಷಣಕ್ಕೆ ಜೋರಾಗಿ ಕರೆಂಟ್ ಎಳೆಯುತ್ತದೆ. ಬಹಳ ದೀಪಗಳನ್ನು ಒಂದಕ್ಕೇ ತಗಲಿಸಿದರೆ ಸೆನ್ಸರಿನೊಳಗೆ ದೀಪ ಹೊತ್ತಿಸಿ ಆರಿಸುವ ರಿಲೇಯ ಮುಟ್ಟುಗಳು ಬೆಸೆದುಕೊಂಡು ದೀಪ ಆರದೆ ಉಳಿಯುತ್ತದೆ. ಗೀಸರನ್ನು ಇದಕ್ಕೆ ಸೇರಿಸುವ ಯೋಚನೆಯೇ ಬೇಡ.

ಈಗ ವೈರಿನ ಮಾತು. ಒಳ್ಳೆಯ ಸೆನ್ಸರಿಗೆ ಮೂರು ತುದಿ: ಫೇಸ್ ಬರುವುದಕ್ಕೆ ಎಲ್, ನ್ಯೂಟ್ರಲಿಗೆ ಎನ್, ದೀಪಕ್ಕೆ ಹೋಗುವುದೊಂದು. ಯಾರೂ ಇಲ್ಲದಾಗಲೂ ಅದು ಎಚ್ಚರವಾಗಿರಬೇಕಲ್ಲ, ಅದಕ್ಕೇ ನ್ಯೂಟ್ರಲ್ ಬೇಕು. ನಮ್ಮ ಮನೆಗಳ ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇರುವುದೇ ಹೆಚ್ಚು, ಅದಕ್ಕೆ ಬಂದ ಕರಿ ವೈರಿನಿಂದ ನ್ಯೂಟ್ರಲ್ ಅಲ್ಲೇ ಸಿಗುತ್ತದೆ. ಮೆಟ್ಟಿಲ ಪಕ್ಕದ ಒಂಟಿ ಸ್ವಿಚ್ಚಿನ ಡಬ್ಬಿಯಲ್ಲಿ ಮಾತ್ರ ಇರುವುದಿಲ್ಲ. ಆಗ ಪೈಪಿನೊಳಗೆ ಉಕ್ಕಿನ ಪಟ್ಟಿ ತೂರಿಸಿ ಹೊಸ ವೈರ್ ಎಳೆದು ತರಬೇಕು. ನ್ಯೂಟ್ರಲ್ ಬೇಡದ ಎರಡು ವೈರಿನ ಸೆನ್ಸರೂ ಸಿಗುತ್ತದೆ. ಅದು ದೀಪದ ಮೂಲಕವೇ ಚೂರು ಕರೆಂಟ್ ಹರಿಸಿಕೊಳ್ಳುವುದರಿಂದ ಸಣ್ಣ ಎಲ್ಇಡಿ ಬಲ್ಬು ಆರಿದ ಮೇಲೂ ಮಿಣುಕುತ್ತಿರಬಹುದು. ನ್ಯೂಟ್ರಲ್ ಸಿಗಲಿಲ್ಲವೆಂದು ಹಸಿರು ಅರ್ತ್ ವೈರನ್ನು ಆ ಜಾಗಕ್ಕೆ ಕೊಡುವುದು ಅಪಾಯ. ಅರ್ತ್ ಸಡಿಲವಾದ ದಿನ ಮನೆಯ ಲೋಹದ ಮೈಗಳಿಗೆಲ್ಲ ಕರೆಂಟ್ ಬರಬಹುದು. ಇನ್‌ವರ್ಟರ್ ಲೈನಿನ ಫೇಸ್, ಬೇರೆ ಲೈನಿನ ನ್ಯೂಟ್ರಲ್ ಹೀಗೆ ಬೆರಕೆ ಮಾಡಿದರೂ, ಸೋರಿಕೆ ಕಂಡರೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಬೀಳುತ್ತಿರುತ್ತದೆ.

ಇದು 230 ವೋಲ್ಟಿನ ಕೆಲಸ, ಲೈಸೆನ್ಸ್ ಇರುವವರ ಕೈಯಲ್ಲೇ ಆಗಲಿ. ಪಕ್ಕದಲ್ಲಿ ನಿಂತು ನೋಡುವವರು ಇಷ್ಟು ಗಮನಿಸಬಹುದು: ಎಂಸಿಬಿ ಇಳಿಸಿದರೇ, ಇಳಿಸಿದ ಮೇಲೂ ಟೆಸ್ಟರ್ ಇಟ್ಟು ನೋಡಿದರೇ, ಆ ಟೆಸ್ಟರ್ ಸರಿಯಿದೆಯೆಂದು ಮೊದಲು ಜೀವಂತ ಪ್ಲಗ್ಗಿನಲ್ಲಿ ಪರೀಕ್ಷಿಸಿಕೊಂಡರೇ. ತಾಮ್ರದ ಎಳೆ ತುಂಡಾಗದಂತೆ ಸಿಪ್ಪೆ ಸುಲಿದು, ಹೊಸೆದು, ಸ್ಕ್ರೂ ಬಿಗಿದ ಮೇಲೆ ಒಂದು ಸಲ ಜಗ್ಗಿ ನೋಡುವುದು ಒಳ್ಳೆಯ ಕೈಯ ಗುರುತು. ಹಳೆಯ ಸ್ವಿಚ್ಚನ್ನು ಕಿತ್ತೆಸೆಯದೆ ಸೆನ್ಸರಿಗೆ ಸಮಾಂತರವಾಗಿ ಉಳಿಸಿಕೊಡಿರೆಂದು ಕೇಳಿ. ಮದುವೆ, ಹಬ್ಬದ ರಾತ್ರಿ ಅದನ್ನು ಒತ್ತಿದರೆ ದೀಪ ಬೆಳಗಿನವರೆಗೆ ಉರಿಯುತ್ತದೆ, ಸೆನ್ಸರ್ ಕೆಟ್ಟರೂ ಮನೆ ಕತ್ತಲಾಗದು.

ಕೊನೆಗೆ ಉಳಿಯುವುದು ಮೂರು ಪುಟ್ಟ ತಿರುಪು: ಸಮಯ, ಬೆಳಕು, ಸೂಕ್ಷ್ಮತೆ. ಬೆಳಕಿನ ತಿರುಪನ್ನು ಹಗಲಲ್ಲಿ ಹೊಂದಿಸಲಾಗದು. ಹಗಲು ಅದನ್ನು ಸೂರ್ಯನ ಚಿತ್ರದ ಕಡೆ ಇಟ್ಟು ಉಳಿದದ್ದನ್ನು ಪರೀಕ್ಷಿಸಿ, ಮುಸ್ಸಂಜೆ ದೀಪ ಬೇಕೆನಿಸುವ ಹೊತ್ತಿಗೆ ಚಂದ್ರನ ಕಡೆಗೆ ಪೂರ್ತಿ ತಿರುಗಿಸಿ, ಅಲ್ಲಿಂದ ನಿಧಾನ ಹಿಂದಕ್ಕೆ ತರುತ್ತ, ಓಡಾಡಿದಾಗ ದೀಪ ಹತ್ತಿದ ಜಾಗದಲ್ಲಿ ನಿಲ್ಲಿಸಬೇಕು. ಮೆಟ್ಟಿಲಿಗೆ ಒಂದು ನಿಮಿಷ ಸಾಕು. ಜನ ಅಲುಗಾಡದೆ ಕೂತಿರುವ ಶೌಚಾಲಯಕ್ಕೆ ಐದರಿಂದ ಹತ್ತು ನಿಮಿಷ ಕೊಡಿ. ಮಲಗುವ ಕೋಣೆಗೆ ತಾನಾಗಿ ಹತ್ತುವ ಸೆನ್ಸರ್ ಬೇಡವೇ ಬೇಡ, ಮಗ್ಗುಲು ಬದಲಿಸಿದರೂ ಎಚ್ಚರಿಸುತ್ತದೆ. ಹಲ್ಲಿ ಸುತ್ತಲಿನ ಗಾಳಿಯಷ್ಟೇ ಬಿಸಿ ಇರುವುದರಿಂದ ದೂರದ ಗೋಡೆಯ ಮೇಲೆ ಓಡಿದರೆ ಪಿಐಆರ್ ಸಾಮಾನ್ಯವಾಗಿ ಕಣ್ಣೆತ್ತದು. ಬೆಕ್ಕು, ಕೊಟ್ಟಿಗೆಯ ದನಕ್ಕೆ ಮಾತ್ರ ಹತ್ತುತ್ತದೆ. ಅವು ಓಡಾಡುವ ಕಡೆಗಿರುವ ಮಸೂರದ ಭಾಗಕ್ಕೆ ಇನ್ಸುಲೇಷನ್ ಟೇಪಿನ ಚೂರು ಅಂಟಿಸಿದರೆ ಆ ದಿಕ್ಕಿಗೆ ಕುರುಡಾಗುತ್ತದೆ. ಸೆನ್ಸರ್ ತಾನೇ ಹೊತ್ತಿಸಿದ ಬಲ್ಬನ್ನು ತಾನೇ ನೋಡುವಂತಿರಬಾರದು. ಅದರ ಬಿಸಿ ಬೆಳಕಿಗೆ ಬೆಚ್ಚಿ ಆರಿ ಹತ್ತಿ ಮಾಡುತ್ತಿರುತ್ತದೆ. ಕರೆಂಟ್ ಹೋಗಿ ಬಂದಾಗ ಅರ್ಧ, ಒಂದು ನಿಮಿಷ ಸುಮ್ಮನೆ ಉರಿದರೆ ಗಾಬರಿ ಬೇಡ, ಹರಳು ಕೋಣೆಯ ಬಿಸಿಗೆ ಹೊಂದಿಕೊಳ್ಳುತ್ತಿದೆ.

ಉಳಿತಾಯದ ಲೆಕ್ಕವನ್ನೂ ನೇರವಾಗಿ ನೋಡೋಣ. ಕಾಯುತ್ತ ಕೂತ ಸೆನ್ಸರ್ ಅರ್ಧ ವ್ಯಾಟ್ ತಿಂದರೆ ವರ್ಷಕ್ಕೆ 4.4 ಯೂನಿಟ್. ರಾತ್ರಿಯಿಡೀ, 12 ಗಂಟೆ ಉರಿಯುವ 9 ವ್ಯಾಟ್ ಬಲ್ಬ್ ವರ್ಷಕ್ಕೆ 39 ಯೂನಿಟ್ ಸುಡುತ್ತದೆ. ಸೆನ್ಸರಿನಿಂದ ಅದು ದಿನಕ್ಕೆ ಒಂದು ಗಂಟೆಗೆ ಇಳಿದರೆ ಎಲ್ಲ ಸೇರಿ 8 ಯೂನಿಟ್‌ನೊಳಗೆ ಮುಗಿಯುತ್ತದೆ. ಹಿತ್ತಲು, ಗೇಟು, ಬಾಡಿಗೆ ಕಟ್ಟಡದ ಮೆಟ್ಟಿಲಿಗೆ ಈ ಲೆಕ್ಕ ಗೆಲ್ಲುತ್ತದೆ. ದಿನಕ್ಕೆ ಅರ್ಧ ಗಂಟೆ ಉರಿಯುವ ಬಚ್ಚಲ ಬಲ್ಬಿಗೆ ವರ್ಷಕ್ಕೆ ಎರಡು ಯೂನಿಟ್ ಕೂಡ ಬೇಡ, ಅಲ್ಲಿ ಸೆನ್ಸರೇ ಹೆಚ್ಚು ತಿನ್ನುತ್ತದೆ. ನಡುರಾತ್ರಿ ಎದ್ದು ಹೋಗುವ ಹಿರಿಯರಿರುವ ಮನೆಯಲ್ಲಿ ಆ ಮೂರು ನಾಲ್ಕು ಯೂನಿಟ್ ಕೊಟ್ಟಾದರೂ ಬಚ್ಚಲಿಗೆ ಹಾಕಿಸಿ. ಹಾಕಿಸಿದ ದಿನ ಪರೀಕ್ಷೆಗೆ ದೀಪದ ಕೆಳಗೆ ವೈರ್‌ಮನ್ ಕೈ ಬೀಸಿದ್ದು ಸಾಲದು. ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಕರೆದು, ಅವರ ಹಾಸಿಗೆಯಿಂದ ಬಚ್ಚಲವರೆಗೆ ಅವರದೇ ನಡಿಗೆಯಲ್ಲಿ ನಡೆಸಿ ನೋಡಿ, ಆಮೇಲೆ ತಿರುಪು ಬಿಗಿಸಿ.