ಅಂಬೇಡ್ಕರರ ಬುದ್ಧನನ್ನು ತೂಗಿ ನೋಡುವುದು ಹೇಗೆ?

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಅದೇ ಗೋಲ್ಡನ್ ಟೆಂಪಲ್ ಇರುವಲ್ಲಿ, ದೊಡ್ಡ ಲಾಮಾಗಳು ಮತ್ತೆ ಹುಟ್ಟಿ ಬರುತ್ತಾರೆಂದು ಟಿಬೆಟನ್ನರು ನಂಬುತ್ತಾರೆ. ಅಂಬೇಡ್ಕರ್ ಓದಿ ಬುದ್ಧನ ಹತ್ತಿರ ಬಂದವರಿಗೆ ಹಿಂದಿನ ಜನ್ಮದ ಕರ್ಮ ಅಂದರೆ ಜಾತಿಗೆ ಕೊಟ್ಟ ಸಬೂಬು. ಹಾಗಾದರೆ ಅಂಬೇಡ್ಕರ್ ಬುದ್ಧನನ್ನು ತಿರುಚಿದರೇ? ಒಟ್ಟಾಗಿ ಒಪ್ಪೋದೂ ಬೇಡ, ತಳ್ಳೋದೂ ಬೇಡ; ಒಂದೊಂದು ಮಾತನ್ನೂ ಬೇರೆಯಾಗಿ ತೂಗೋಣ ಅಂತೀನಿ.

1957ರಲ್ಲಿ, ಅವರು ತೀರಿಕೊಂಡ ಮೇಲೆ ಬಂದ 'ಬುದ್ಧ ಮತ್ತು ಆತನ ಧಮ್ಮ' ತಗೊಳ್ಳಿ. ಮುದುಕ, ರೋಗಿ, ಹೆಣ ಕಂಡು ಸಿದ್ಧಾರ್ಥ ಮನೆ ಬಿಟ್ಟ ಕಥೆಯನ್ನು ಅವರು ಒಪ್ಪಲಿಲ್ಲ. 29 ವರ್ಷದವನು ಅಲ್ಲಿಯವರೆಗೆ ಸಾವನ್ನೇ ಕಂಡಿರಲಿಲ್ಲವೇ? ರೋಹಿಣಿ ನದಿ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟಾಗ ಬೇಡ ಅಂದದ್ದಕ್ಕೆ ಅವನು ಊರು ಬಿಡಬೇಕಾಯಿತು ಅಂತಾರೆ. ಕಾವೇರಿ, ಕಬಿನಿ ಸೀಮೆಯ ನಮಗೆ ಇದು ತಟ್ಟನೆ ಹಿಡಿಸುತ್ತೆ. ಆದರೆ ಹಿಡಿಸೋದು ಪುರಾವೆಯಲ್ಲ. ಪಾಲಿ ಅಟ್ಟಕಥೆಗಳಲ್ಲಿ ಈ ಜಗಳ ಇದೆ, ಬುದ್ಧನಾದ ಮೇಲೆ ಬಂದು ಬಿಡಿಸುತ್ತಾನೆ. ಅಂಬೇಡ್ಕರ್ ಅದನ್ನು ಹಿಂದಕ್ಕೆ ಸರಿಸಿದ್ದಾರೆ. ಅವರ ಅನುಮಾನಕ್ಕೆ ಮಾತ್ರ ಬಲವಿದೆ: ಅರಿಯಪರಿಯೇಸನ ಸುತ್ತದಲ್ಲಿ ಆ ನಾಲ್ಕು ದೃಶ್ಯಗಳೇ ಇಲ್ಲ, ಹೆತ್ತವರು ಅಳುತ್ತಿರುವಾಗಲೇ ಅವನು ಹೊರಡುತ್ತಾನೆ.

ಕರ್ಮದ ವಿಷಯ ಇನ್ನೂ ತೊಡಕು. ಎಲ್ಲವೂ ಹಿಂದಿನ ಕರ್ಮದಿಂದಲೇ ಅನ್ನೋ ವಾದವನ್ನು ದೇವದಹ ಸುತ್ತದಲ್ಲಿ ಬುದ್ಧ ಪ್ರಶ್ನಿಸುತ್ತಾನೆ. ಆದರೆ ಚೂಳಕಮ್ಮವಿಭಂಗ ಸುತ್ತದಲ್ಲಿ ಕೀಳು ಕುಲದ ಹುಟ್ಟಿಗೆ ಹಿಂದಿನ ಕರ್ಮವೇ ಕಾರಣ. ಎರಡೂ ಪಾಲಿ ಗ್ರಂಥಗಳಲ್ಲೇ ಇವೆ. ಹಾಗಾಗಿ ಅಂಬೇಡ್ಕರ್ ಮಾಡಿದ್ದು ತಿರುಚಾಟ ಅಲ್ಲ, ಆಯ್ಕೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ತಮ್ಮ ಜೊತೆ ದೀಕ್ಷೆ ತಗೊಂಡ ಲಕ್ಷಾಂತರ ಜನರಿಗೆ, 'ನಿಮ್ಮ ಹುಟ್ಟು ನಿಮ್ಮದೇ ಪಾಪದ ಫಲ' ಅನ್ನುವ ಬುದ್ಧನನ್ನು ಅವರು ಹೇಗೆ ಕೊಡಲಾದೀತು?