ಪ್ರಯೋಗಾಲಯದಲ್ಲಿ ಕರುಳಿನ ಬ್ಯಾಕ್ಟೀರಿಯಗಳ ಗುರುತಿಸುವಿಕೆ

ಕರುಳಿನ ಬ್ಯಾಕ್ಟೀರಿಯಗಳ ಗುರುತಿಸುವಿಕೆಯು ವೈದ್ಯಕೀಯ ಸೂಕ್ಷ್ಮಜೀವಿಶಾಸ್ತ್ರದ ಒಂದು ಮುಖ್ಯ ಕಾರ್ಯವಿಧಾನ. ರೋಗಿಯ ಮಲ, ರಕ್ತ, ಮೂತ್ರ ಮುಂತಾದ ಮಾದರಿಗಳಿಂದ ಕರುಳುವಾಸಿ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ಬೆಳೆಸಿ, ಅವುಗಳ ಜಾತಿ, ಪ್ರಭೇದ ಮತ್ತು ಅಗತ್ಯವಿದ್ದಲ್ಲಿ ಸೀರಂ ಬಗೆಯನ್ನು ನಿರ್ಧರಿಸುವುದು ಇದರ ಉದ್ದೇಶ. ವಿಷಮಶೀತಜ್ವರ (ಟೈಫಾಯ್ಡ್), ಕಾಲರಾ, ರಕ್ತಭೇದಿ ಮತ್ತು ಹಲವು ಬಗೆಯ ಅತಿಸಾರಗಳ ಕಾರಣವನ್ನು ಖಚಿತಪಡಿಸಲು ಈ ವಿಧಾನವೇ ಆಧಾರ.

ಈ ಕೆಲಸದ ತೊಡಕು ಮಾದರಿಯಲ್ಲಿಯೇ ಇದೆ. ರಕ್ತ ಅಥವಾ ಮಿದುಳುಬಳ್ಳಿಯ ದ್ರವದಲ್ಲಿ ಯಾವುದೇ ಬ್ಯಾಕ್ಟೀರಿಯ ಕಂಡರೂ ಅದು ಗಮನಾರ್ಹ. ಮಲದಲ್ಲಿ ಹಾಗಲ್ಲ. ಆರೋಗ್ಯವಂತರ ಒಂದು ಗ್ರಾಂ ಮಲದಲ್ಲಿಯೂ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಗಳು ಇರುತ್ತವೆ. ಅವುಗಳಲ್ಲಿ ಬಹುಪಾಲು ಆಮ್ಲಜನಕವಿದ್ದಲ್ಲಿ ಬೆಳೆಯದ, ನಿರುಪದ್ರವಿ ಜೀವಿಗಳು. ಈ ಜನಸಂದಣಿಯಲ್ಲಿ ರೋಗಕಾರಕವನ್ನು ಹುಡುಕಿ ತೆಗೆಯಬೇಕು. ಅದರ ರೂಪವಾದರೋ ಅಕ್ಕಪಕ್ಕದ ನಿರಪಾಯಕಾರಿ ಜೀವಿಗಳಂತೆಯೇ ಇರುತ್ತದೆ. ಗ್ರಾಂ ವರ್ಣಲೇಪನ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷೆರಿಕಿಯ ಕೋಲೈ, ಸಾಲ್ಮೊನೆಲ್ಲ, ಷಿಗೆಲ್ಲ ಮೂರೂ ನಸುಗೆಂಪು ಬಣ್ಣದ ಗಿಡ್ಡ ಕಡ್ಡಿಗಳೇ. ಆದ್ದರಿಂದ ಇಲ್ಲಿ ರೂಪಕ್ಕಿಂತ ನಡತೆಯನ್ನು, ಅಂದರೆ ಜೀವಿಯು ಏನನ್ನು ತಿನ್ನುತ್ತದೆ, ಏನನ್ನು ಹೊರಹಾಕುತ್ತದೆ ಎಂಬುದನ್ನು ಪರೀಕ್ಷಿಸಬೇಕಾಗುತ್ತದೆ.

ಹಿನ್ನೆಲೆ

ಕಾರ್ಲ್ ಎಬರ್ಟ್ 1880ರಲ್ಲಿ ಟೈಫಾಯ್ಡ್ ರೋಗಿಗಳ ಅಂಗಾಂಶದಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯವನ್ನು ಕಂಡನು. ಗಾಫ್ಕಿ 1884ರಲ್ಲಿ ಅದನ್ನು ಶುದ್ಧವಾಗಿ ಬೆಳೆಸಿದನು. ಅದೇ ವರ್ಷ ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ ಕಾಲರಾ ಜೀವಿಯನ್ನು ಶುದ್ಧ ರೂಪದಲ್ಲಿ ಪಡೆದನು. 1885ರಲ್ಲಿ ಥಿಯೊಡೋರ್ ಎಷೆರಿಕ್ ಶಿಶುಗಳ ಮಲದಲ್ಲಿನ ಸಾಮಾನ್ಯ ಬ್ಯಾಕ್ಟೀರಿಯವನ್ನು ವಿವರಿಸಿದನು. ಇಂದು ಅದು ಅವನದೇ ಹೆಸರಿನಲ್ಲಿದೆ. ಜಪಾನಿನ ಕಿಯೋಷಿ ಷಿಗಾ 1897ರ ರಕ್ತಭೇದಿಯ ಪಿಡುಗಿನಲ್ಲಿ ಕಂಡುಹಿಡಿದ ಜೀವಿಗೆ ಷಿಗೆಲ್ಲ ಎಂಬ ಹೆಸರು ಬಂದಿತು. ಇವೆಲ್ಲ ಸಾಧ್ಯವಾದದ್ದು ಘನ ಮಾಧ್ಯಮದಿಂದ. ಕಾಕ್‌ನ ಪ್ರಯೋಗಾಲಯದಲ್ಲಿದ್ದ ವಾಲ್ಟರ್ ಹೆಸ್ಸೆಯ ಪತ್ನಿ ಫ್ಯಾನಿ ಹೆಸ್ಸೆ, ಅಡುಗೆಯಲ್ಲಿ ಬಳಕೆಯಲ್ಲಿದ್ದ ಅಗರ್ ಅನ್ನು ಜೆಲಾಟಿನ್‌ಗೆ ಬದಲಾಗಿ ಸೂಚಿಸಿದಳು. ಜೆಲಾಟಿನ್ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಹೋಗುತ್ತದೆ, ಅಗರ್ ಕರಗುವುದಿಲ್ಲ. ಮನುಷ್ಯದೇಹದ ಉಷ್ಣತೆಯಲ್ಲಿ ಬೆಳೆಯುವ ಜೀವಿಗಳ ಅಧ್ಯಯನಕ್ಕೆ ಈ ಒಂದು ಬದಲಾವಣೆಯಿಂದ ಆದ ಉಪಕಾರ ಬಹು ದೊಡ್ಡದು.

ಮಾದರಿ ಸಂಗ್ರಹ

ಮಲದ ಮಾದರಿಯನ್ನು ರೋಗದ ಆರಂಭದಲ್ಲಿ, ಪ್ರತಿಜೈವಿಕ ಔಷಧ ಕೊಡುವ ಮೊದಲೇ ಸಂಗ್ರಹಿಸಬೇಕು. ಸಂಗ್ರಹಿಸಿದ ಮಲವು ಹೊತ್ತು ಕಳೆದಂತೆ ಆಮ್ಲೀಯವಾಗುತ್ತದೆ. ಷಿಗೆಲ್ಲ ಇದನ್ನು ತಾಳದೆ ಬೇಗ ಸಾಯುತ್ತದೆ. ಪ್ರಯೋಗಾಲಯ ದೂರವಿದ್ದರೆ ಮಾದರಿಯನ್ನು ಕ್ಯಾರಿ-ಬ್ಲೇರ್ ಎಂಬ ಸಾಗಣೆ ಮಾಧ್ಯಮದಲ್ಲಿಟ್ಟು ಕಳುಹಿಸುತ್ತಾರೆ. ಟೈಫಾಯ್ಡ್‌ನಲ್ಲಿ ಮಲಕ್ಕಿಂತ ರಕ್ತವೇ ಮುಖ್ಯ. ಜ್ವರದ ಮೊದಲ ವಾರದಲ್ಲಿ ರಕ್ತದಿಂದ ಜೀವಿ ದೊರೆಯುವ ಸಾಧ್ಯತೆ ಹೆಚ್ಚು. ಮಲದಲ್ಲಿ ಅದು ಸಾಮಾನ್ಯವಾಗಿ ತಡವಾಗಿ ಕಾಣಿಸುತ್ತದೆ. ಅಸ್ಥಿಮಜ್ಜೆಯ ಕೃಷಿ ಇವೆರಡಕ್ಕಿಂತಲೂ ಸೂಕ್ಷ್ಮವಾದರೂ ನೋವಿನದು, ಎಲ್ಲೆಡೆ ಮಾಡುವಂಥದಲ್ಲ.

ರೋಗ ವಾಸಿಯಾದ ಮೇಲೂ ಕೆಲವರ ಪಿತ್ತಕೋಶದಲ್ಲಿ ಟೈಫಾಯ್ಡ್ ಜೀವಿ ಉಳಿದು ಬಿಟ್ಟುಬಿಟ್ಟು ಹೊರಬೀಳುತ್ತದೆ. ನ್ಯೂಯಾರ್ಕಿನ ಅಡುಗೆಯವಳಾಗಿದ್ದ ಮೇರಿ ಮಾಲನ್‌ಳ ಪ್ರಕರಣ ಇದಕ್ಕೆ ಪ್ರಸಿದ್ಧ ಉದಾಹರಣೆ. 1907ರಿಂದ ಆಕೆಯನ್ನು ಬಂಧನದಲ್ಲಿಟ್ಟು ಮಾಡಿದ ಪರೀಕ್ಷೆಗಳಲ್ಲಿ ಹಲವು ಬಾರಿ ಜೀವಿ ಕಂಡಿತು, ಕೆಲವು ಬಾರಿ ಕಾಣಲಿಲ್ಲ. ಆಕೆ ತನ್ನನ್ನು ಆರೋಗ್ಯವಂತಳೆಂದು ನಂಬಿದ್ದಕ್ಕೆ ಇದೂ ಒಂದು ಕಾರಣ. ವಾಹಕರೆಂಬ ಶಂಕೆಯಿದ್ದಾಗ ಒಂದೇ ಮಾದರಿಯ ಫಲಿತಾಂಶವನ್ನು ನೆಚ್ಚಬಾರದೆಂಬ ನಿಯಮದ ಹಿಂದೆ ಇಂಥ ಅನುಭವವಿದೆ.

ಬೇರ್ಪಡಿಸುವ ಮಾಧ್ಯಮಗಳು

ಸಂದಣಿಯಲ್ಲಿ ಒಂದನ್ನು ಆರಿಸಲು ಎರಡು ಉಪಾಯಗಳಿವೆ: ಬೇಡವಾದವುಗಳನ್ನು ಬೆಳೆಯದಂತೆ ತಡೆಯುವುದು, ಬೆಳೆದವುಗಳ ನಡುವಿನ ವ್ಯತ್ಯಾಸ ಬಣ್ಣದಲ್ಲಿ ಕಾಣುವಂತೆ ಮಾಡುವುದು. ಇಂಗ್ಲೆಂಡಿನ ಆಲ್ಫ್ರೆಡ್ ಮೆಕಾಂಕಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಮಾಧ್ಯಮ ಈ ಎರಡನ್ನೂ ಒಟ್ಟಿಗೆ ಸಾಧಿಸುತ್ತದೆ. ಇಂದು ಬಳಕೆಯಲ್ಲಿರುವ ಅದರ ರೂಪದಲ್ಲಿ ಪಿತ್ತಲವಣ ಮತ್ತು ಕ್ರಿಸ್ಟಲ್ ವಯೊಲೆಟ್ ಗ್ರಾಂ ಧನ ಬ್ಯಾಕ್ಟೀರಿಯಗಳನ್ನು ತಡೆಯುತ್ತವೆ. ಕರುಳಿನ ಜೀವಿಗಳು ಪಿತ್ತಕ್ಕೆ ಒಗ್ಗಿಕೊಂಡಿರುವುದರಿಂದ ಬೆಳೆಯುತ್ತವೆ. ಅದರಲ್ಲಿರುವ ಸಕ್ಕರೆ ಲ್ಯಾಕ್ಟೋಸ್ ಮಾತ್ರ. ಲ್ಯಾಕ್ಟೋಸ್ ಹುದುಗಿಸಬಲ್ಲ ಎ. ಕೋಲೈ, ಕ್ಲೆಬ್ಸಿಯೆಲ್ಲ ಮುಂತಾದವು ಆಮ್ಲವನ್ನು ಉಂಟುಮಾಡುವುದರಿಂದ ನ್ಯೂಟ್ರಲ್ ರೆಡ್ ಸೂಚಕವು ಕೆಂಪಾಗಿ, ಕಾಲೊನಿಗಳು ಗುಲಾಬಿ ಬಣ್ಣ ತಾಳುತ್ತವೆ. ಸಾಲ್ಮೊನೆಲ್ಲ, ಷಿಗೆಲ್ಲ, ಪ್ರೋಟಿಯಸ್‌ಗಳ ಕಾಲೊನಿಗಳು ಬಣ್ಣವಿಲ್ಲದೆ ಉಳಿಯುತ್ತವೆ. ಮಲದ ತಟ್ಟೆಯಲ್ಲಿ ತಂತ್ರಜ್ಞರ ಕಣ್ಣು ಹುಡುಕುವುದು ಗುಲಾಬಿಗಳ ನಡುವಿನ ಈ ಬಣ್ಣಗೆಟ್ಟ ಚುಕ್ಕೆಗಳನ್ನೇ.

ಈ ನಿಯಮಕ್ಕೂ ಅಪವಾದಗಳಿವೆ. ಷಿಗೆಲ್ಲ ಸೊನೈ ಲ್ಯಾಕ್ಟೋಸನ್ನು ಹುದುಗಿಸುತ್ತದೆ, ಆದರೆ ಕೆಲವು ದಿನ ತಡವಾಗಿ. ರಕ್ತಯುಕ್ತ ಅತಿಸಾರವನ್ನುಂಟುಮಾಡುವ ಎ. ಕೋಲೈ ಓ157:ಎಚ್7 ಬಗೆಯು ಮೆಕಾಂಕಿ ತಟ್ಟೆಯಲ್ಲಿ ನಿರುಪದ್ರವಿ ಎ. ಕೋಲೈನಂತೆಯೇ ಗುಲಾಬಿಯಾಗಿರುತ್ತದೆ. 1982ರಲ್ಲಿ ಅಮೆರಿಕದ ಒರೆಗಾನ್ ಮತ್ತು ಮಿಷಿಗನ್ ರಾಜ್ಯಗಳಲ್ಲಿ ಹ್ಯಾಂಬರ್ಗರ್ ತಿಂದವರು ಕಾಯಿಲೆ ಬಿದ್ದಾಗ ಇದರ ಅಪಾಯ ಬೆಳಕಿಗೆ ಬಂದಿತು. ಇದು ಸಾರ್ಬಿಟಾಲ್ ಅನ್ನು ಬೇಗ ಹುದುಗಿಸಲಾರದು ಎಂಬ ಗುಣವನ್ನು ಹಿಡಿದು, ಲ್ಯಾಕ್ಟೋಸ್ ಬದಲು ಸಾರ್ಬಿಟಾಲ್ ಹಾಕಿದ ಮೆಕಾಂಕಿ ಮಾಧ್ಯಮವನ್ನು ಬಳಕೆಗೆ ತರಲಾಯಿತು. ಅದರಲ್ಲಿ ಓ157ರ ಕಾಲೊನಿ ಬಣ್ಣವಿಲ್ಲದೆ ಕಾಣುತ್ತದೆ.

ಇನ್ನೂ ಕಟ್ಟುನಿಟ್ಟಾದ ಮಾಧ್ಯಮಗಳಲ್ಲಿ ಕ್ಸೈಲೋಸ್-ಲೈಸಿನ್-ಡಿಆಕ್ಸಿಕೋಲೇಟ್ ಅಗರ್ ಪ್ರಮುಖವಾದುದು. ಅದರಲ್ಲಿ ಸಾಲ್ಮೊನೆಲ್ಲ ನಡುವೆ ಕಪ್ಪು ಬೊಟ್ಟಿರುವ ಕೆಂಪು ಕಾಲೊನಿಯಾಗಿಯೂ ಷಿಗೆಲ್ಲ ಬೊಟ್ಟಿಲ್ಲದ ಕೆಂಪು ಕಾಲೊನಿಯಾಗಿಯೂ ಕಾಣುತ್ತವೆ. ಜೀವಿಗಳ ಸಂಖ್ಯೆ ಕಡಿಮೆಯಿರುವಾಗ ಮಾದರಿಯನ್ನು ಮೊದಲು ಸೆಲೆನೈಟ್ ದ್ರವ ಮಾಧ್ಯಮದಲ್ಲಿಟ್ಟು ಸಾಲ್ಮೊನೆಲ್ಲದ ಪ್ರಮಾಣವನ್ನು ಹೆಚ್ಚಿಸಿಕೊಳ್ಳುವುದುಂಟು. ಕಾಲರಾ ಜೀವಿಗೆ ಕ್ಷಾರವೇ ಪ್ರಿಯ. ಕ್ಷಾರೀಯ ಪೆಪ್ಟೋನ್ ನೀರಿನಲ್ಲಿ ಆರರಿಂದ ಎಂಟು ಗಂಟೆಗಳಲ್ಲಿ ಅದು ಉಳಿದವುಗಳನ್ನು ಹಿಂದಿಕ್ಕಿ ಬೆಳೆಯುತ್ತದೆ. ಕ್ಯಾಂಪೈಲೊಬ್ಯಾಕ್ಟರ್‌ಗೆ 42 ಡಿಗ್ರಿ ಉಷ್ಣತೆಯೂ ಕಡಿಮೆ ಆಮ್ಲಜನಕವೂ ಬೇಕು. ಅದನ್ನು ಹುಡುಕಬೇಕೆಂದು ಮೊದಲೇ ತೀರ್ಮಾನಿಸದಿದ್ದರೆ ಅದು ಎಂದಿಗೂ ಸಿಗದು.

ಜೀವರಾಸಾಯನಿಕ ಪರೀಕ್ಷೆಗಳು

ಶಂಕಿತ ಕಾಲೊನಿಯ ಮೇಲೆ ಮಾಡುವ ಮೊದಲ ಪರೀಕ್ಷೆಗಳಲ್ಲಿ ಆಕ್ಸಿಡೇಸ್ ಒಂದು. ಎಂಟೆರೊಬ್ಯಾಕ್ಟೀರಿಯೇಸಿ ಕುಟುಂಬದ ಜೀವಿಗಳು ಋಣ ಫಲಿತಾಂಶ ಕೊಡುತ್ತವೆ, ಕಾಲರಾದ ವಿಬ್ರಿಯೊ ಧನ. ಕಾಲೊನಿಯನ್ನು ಮೆಕಾಂಕಿ ತಟ್ಟೆಯಿಂದ ತೆಗೆಯಬಾರದು. ಅಲ್ಲಿನ ಆಮ್ಲ ಮತ್ತು ಬಣ್ಣ ಫಲಿತಾಂಶವನ್ನು ಕೆಡಿಸುತ್ತವೆ. ನೈಕ್ರೋಮ್ ತಂತಿಯ ಕುಣಿಕೆಯನ್ನು ಬಳಸಿದರೆ ಲೋಹದಿಂದಲೇ ನೇರಳೆ ಬಣ್ಣ ಬಂದು ಮೋಸವಾಗಬಹುದು.

ಮುಂದಿನದು ತ್ರಿಶರ್ಕರ-ಕಬ್ಬಿಣ ಅಗರ್. ಸಣ್ಣ ಪ್ರಯೋಗಾಲಯವೊಂದಕ್ಕೆ ಇಷ್ಟು ಕಡಿಮೆ ವೆಚ್ಚದಲ್ಲಿ ಇಷ್ಟೊಂದು ಸುಳಿವು ಕೊಡುವ ಬೇರೊಂದು ಕೊಳವೆ ಇಲ್ಲವೆನ್ನಬಹುದು. ಇದರಲ್ಲಿ ಲ್ಯಾಕ್ಟೋಸ್ ಮತ್ತು ಸುಕ್ರೋಸ್ ಶೇಕಡ 1ರಷ್ಟು, ಗ್ಲೂಕೋಸ್ ಕೇವಲ ಶೇಕಡ 0.1ರಷ್ಟು ಇರುತ್ತವೆ. ಸೂಚಕವು ಫೀನಾಲ್ ರೆಡ್: ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ಗ್ಲೂಕೋಸನ್ನು ಮಾತ್ರ ಬಳಸಬಲ್ಲ ಜೀವಿಯು ಮೊದಲು ಇಡೀ ಕೊಳವೆಯನ್ನು ಹಳದಿ ಮಾಡುತ್ತದೆ. ಅಲ್ಪ ಗ್ಲೂಕೋಸ್ ಬೇಗ ಮುಗಿಯುತ್ತದೆ. ಆಗ ಗಾಳಿ ತಾಗುವ ಓರೆಯಾದ ಮೇಲ್ಮೈಯಲ್ಲಿ ಜೀವಿಯು ಪೆಪ್ಟೋನನ್ನು ಒಡೆದು ಕ್ಷಾರವನ್ನುಂಟುಮಾಡುವುದರಿಂದ ಆ ಭಾಗ ಮರಳಿ ಕೆಂಪಾಗುತ್ತದೆ, ತಳ ಹಳದಿಯಾಗಿಯೇ ಉಳಿಯುತ್ತದೆ. ಲ್ಯಾಕ್ಟೋಸ್ ಅಥವಾ ಸುಕ್ರೋಸ್ ಬಳಸಬಲ್ಲ ಜೀವಿಯಾದರೆ ಸಕ್ಕರೆ ಹೇರಳವಾಗಿರುವ ಕಾರಣ ಎರಡೂ ಭಾಗ ಹಳದಿ. ಹೈಡ್ರೋಜನ್ ಸಲ್ಫೈಡ್ ಉತ್ಪತ್ತಿಯಾದರೆ ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತದೆ, ಅನಿಲವಾದರೆ ಅಗರ್ ಬಿರಿಯುತ್ತದೆ. ಕೊಳವೆಯನ್ನು 18ರಿಂದ 24 ಗಂಟೆಗಳ ಒಳಗೆ ಓದಬೇಕೆಂಬ ನಿಯಮದ ಕಾರಣವೂ ಇದರಿಂದಲೇ ಸ್ಪಷ್ಟ. ಬೇಗ ನೋಡಿದರೆ ಸಾಲ್ಮೊನೆಲ್ಲವೂ ಎ. ಕೋಲೈನಂತೆ ಹಳದಿ, ತೀರ ತಡವಾದರೆ ಎ. ಕೋಲೈ ಕೂಡ ಕೆಂಪಿಗೆ ತಿರುಗಬಹುದು.

ಬಹುತೇಕ ಸಾಲ್ಮೊನೆಲ್ಲಗಳು ಕೆಂಪು ಮೇಲ್ಮೈ, ಹಳದಿ ತಳ, ಅನಿಲ ಮತ್ತು ಢಾಳಾದ ಕಪ್ಪನ್ನು ತೋರಿಸುತ್ತವೆ. ಆದರೆ ಅವುಗಳಲ್ಲೆಲ್ಲ ಅತಿ ಮುಖ್ಯವಾದ ಸಾಲ್ಮೊನೆಲ್ಲ ಟೈಫಿ ಮಾತ್ರ ಅನಿಲವನ್ನು ಬಿಡುವುದಿಲ್ಲ. ಮೇಲ್ಮೈ ಮತ್ತು ತಳ ಕೂಡುವಲ್ಲಿ ಒಂದು ಸಣ್ಣ ಕಪ್ಪು ಗೆರೆ ಮೂಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಸಬರು ಇದನ್ನು ಷಿಗೆಲ್ಲವೆಂದು ಬದಿಗಿಡುವ ಅಪಾಯವಿದೆ. ಚಲನೆಯ ಪರೀಕ್ಷೆ ಇಲ್ಲಿ ನೆರವಾಗುತ್ತದೆ: ಟೈಫಿಗೆ ಕಶಾಂಗಗಳಿದ್ದು ಅದು ಚಲಿಸುತ್ತದೆ, ಷಿಗೆಲ್ಲ ಎಂದೂ ಚಲಿಸದು. ಲೈಸಿನ್ ಡಿಕಾರ್ಬಾಕ್ಸಿಲೇಸ್ ಕಿಣ್ವವೂ ಟೈಫಿಯಲ್ಲಿದೆ, ಷಿಗೆಲ್ಲದಲ್ಲಿಲ್ಲ.

ಇಂಡೋಲ್, ಮೀಥೈಲ್ ರೆಡ್, ವೋಗೆಸ್-ಪ್ರೊಸ್ಕೌವರ್, ಸಿಟ್ರೇಟ್ ಎಂಬ ನಾಲ್ಕು ಪರೀಕ್ಷೆಗಳ ಗುಂಪನ್ನು ವಿದ್ಯಾರ್ಥಿಗಳು ಇಮ್ವಿಕ್ ಎಂದು ಕಲಿಯುತ್ತಾರೆ. ಎ. ಕೋಲೈ ಮೊದಲ ಎರಡರಲ್ಲಿ ಧನ, ಕೊನೆಯ ಎರಡರಲ್ಲಿ ಋಣ. ಕ್ಲೆಬ್ಸಿಯೆಲ್ಲ ನ್ಯುಮೋನಿಯೆ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಬಣ್ಣವಿಲ್ಲದ ಕಾಲೊನಿಗಳಲ್ಲಿ ಪ್ರೋಟಿಯಸನ್ನು ಮೊದಲೇ ಬೇರ್ಪಡಿಸಲು ಯೂರಿಯೇಸ್ ಪರೀಕ್ಷೆ ಸಾಕು. ಅದು ಕೆಲವೇ ಗಂಟೆಗಳಲ್ಲಿ ಮಾಧ್ಯಮವನ್ನು ಗುಲಾಬಿಯಾಗಿಸುತ್ತದೆ. ಇದೇ ಪರೀಕ್ಷೆಗಳನ್ನು ಇಪ್ಪತ್ತು ಪುಟ್ಟ ಗುಳಿಗಳಲ್ಲಿ ಅಡಕಗೊಳಿಸಿ, ಫಲಿತಾಂಶವನ್ನು ಏಳು ಅಂಕಿಗಳ ಸಂಖ್ಯೆಯಾಗಿ ಓದುವ ಎಪಿಐ 20ಇ ಪಟ್ಟಿಯೂ ಪ್ರಚಲಿತವಾಗಿದೆ.

ಸೀರಂ ಪರೀಕ್ಷೆಗಳು

ಸಾಲ್ಮೊನೆಲ್ಲದ ಕೋಶಭಿತ್ತಿಯ ಓ ಪ್ರತಿಜನಕ ಮತ್ತು ಕಶಾಂಗದ ಎಚ್ ಪ್ರತಿಜನಕಗಳ ಆಧಾರದ ಮೇಲೆ ಕೌಫ್‌ಮನ್-ವೈಟ್ ಪದ್ಧತಿಯು ಅದನ್ನು 2,500ಕ್ಕೂ ಹೆಚ್ಚು ಬಗೆಗಳಾಗಿ ವಿಂಗಡಿಸಿದೆ. ಗಾಜುಪಟ್ಟಿಯ ಮೇಲೆ ಬ್ಯಾಕ್ಟೀರಿಯದ ತೊಟ್ಟಿಗೆ ತಕ್ಕ ಪ್ರತಿಸೀರಂ ಬೆರೆಸಿದಾಗ ಗರಣೆ ಕಟ್ಟಿದರೆ ಫಲಿತಾಂಶ ಧನ. ಟೈಫಿಯ ಮೇಲೆ ವಿಐ ಎಂಬ ಹೊದಿಕೆಯ ಪ್ರತಿಜನಕವಿದ್ದರೆ ಅದು ಓ ಪ್ರತಿಜನಕವನ್ನು ಮರೆಮಾಡುತ್ತದೆ. ಆಗ ದ್ರಾವಣವನ್ನು ಕುದಿಸಿ, ತಣಿಸಿ ಮತ್ತೆ ಪರೀಕ್ಷಿಸಬೇಕು. ಭಾರತದಲ್ಲಿ ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಸಾಲ್ಮೊನೆಲ್ಲ ಮತ್ತು ಎಷೆರಿಕಿಯ ಕೇಂದ್ರವು ಸೀರಂ ಬಗೆಗಳನ್ನು ನಿರ್ಧರಿಸುವ ಕೆಲಸ ಮಾಡುತ್ತದೆ. ರೋಗಿಯ ರಕ್ತದಲ್ಲಿನ ಪ್ರತಿಕಾಯವನ್ನು ಅಳೆಯುವ ವಿಡಾಲ್ ಪರೀಕ್ಷೆ ಇದರಿಂದ ಬೇರೆ. ಅದು ಜೀವಿಯನ್ನು ಗುರುತಿಸುವುದಿಲ್ಲ; ಟೈಫಾಯ್ಡ್ ಸಾಮಾನ್ಯವಾಗಿರುವ ಪ್ರದೇಶಗಳಲ್ಲಿ ಹಳೆಯ ಸೋಂಕಿನಿಂದಲೂ ಧನವಾಗಬಹುದಾದ್ದರಿಂದ ಒಂದೇ ಬಾರಿಯ ವಿಡಾಲ್ ಫಲಿತಾಂಶವನ್ನು ಕೃಷಿಯ ಫಲಿತಾಂಶಕ್ಕೆ ಸಮನೆಂದು ಭಾವಿಸುವುದು ಸರಿಯಲ್ಲ.

ಸೀರಂ ಪರೀಕ್ಷೆಯ ಬಲ ಮತ್ತು ಮಿತಿ ಎರಡೂ 1992ರಲ್ಲಿ ಬಯಲಾದವು. ಅಲ್ಲಿಯವರೆಗೆ ಪಿಡುಗಾಗಿ ಹರಡುವ ಕಾಲರಾಕ್ಕೆ ಓ1 ಬಗೆಯ ವಿಬ್ರಿಯೊ ಒಂದೇ ಕಾರಣವೆಂದು ನಂಬಲಾಗಿತ್ತು. ಓ1 ಪ್ರತಿಸೀರಂಗೆ ಗರಣೆ ಕಟ್ಟದ ವಿಬ್ರಿಯೊಗಳಿಗೆ ಅಷ್ಟು ಮಹತ್ವ ಇರಲಿಲ್ಲ. ಆ ವರ್ಷದ ಕೊನೆಯಲ್ಲಿ ಮದರಾಸಿನಲ್ಲಿ ಕಾಲರಾದ ಎಲ್ಲ ಲಕ್ಷಣಗಳಿದ್ದ ರೋಗಿಗಳಿಂದ ದೊರೆತ ಜೀವಿ, ಜೀವರಾಸಾಯನಿಕವಾಗಿ ಕಾಲರಾ ವಿಬ್ರಿಯೊವೇ ಆಗಿದ್ದರೂ, ಓ1 ಪ್ರತಿಸೀರಂಗೆ ಗರಣೆ ಕಟ್ಟಲಿಲ್ಲ. ಕೆಲವೇ ತಿಂಗಳಲ್ಲಿ ಅದು ಕಲ್ಕತ್ತೆ ಮತ್ತು ಬಾಂಗ್ಲಾದೇಶಗಳಲ್ಲಿ ಪಿಡುಗಾಯಿತು. ಆಗ ತಿಳಿದಿದ್ದ 138 ಬಗೆಗಳ ಯಾವ ಪ್ರತಿಸೀರಂಗೂ ಅದು ಹೊಂದದ ಕಾರಣ ಅದಕ್ಕೆ ಓ139 ಎಂಬ ಹೊಸ ಸಂಖ್ಯೆ ನೀಡಲಾಯಿತು.

ಷಿಗೆಲ್ಲ ಮತ್ತು ಎ. ಕೋಲೈ

ತಳಿವಿಜ್ಞಾನದ ದೃಷ್ಟಿಯಿಂದ ಷಿಗೆಲ್ಲ ಪ್ರತ್ಯೇಕ ಜಾತಿಯೇ ಅಲ್ಲ, ಅದು ಎ. ಕೋಲೈ ಪ್ರಭೇದದೊಳಗೇ ಬರುತ್ತದೆ. ರಕ್ತಭೇದಿಯ ವೈದ್ಯಕೀಯ ಮಹತ್ವದಿಂದಾಗಿ ಹಳೆಯ ಹೆಸರು ಉಳಿದುಕೊಂಡಿದೆ. ಕರುಳಭಿತ್ತಿಯನ್ನು ಆಕ್ರಮಿಸುವ ಎ. ಕೋಲೈ ಬಗೆಗಳು ಚಲಿಸದೆ, ಅನೇಕ ವೇಳೆ ಲ್ಯಾಕ್ಟೋಸನ್ನೂ ಹುದುಗಿಸದೆ, ಷಿಗೆಲ್ಲದಂತೆಯೇ ನಡೆದುಕೊಳ್ಳುತ್ತವೆ. ಈ ಗೊಂದಲ ಹೊಸ ಉಪಕರಣಗಳಿಗೂ ತಪ್ಪಿಲ್ಲ. ಮಾಲ್ಡಿ-ಟಾಫ್ ಯಂತ್ರವು ಬ್ಯಾಕ್ಟೀರಿಯದ ಪ್ರೋಟೀನುಗಳ ರಾಶಿಯನ್ನು ಅಳೆದು ಕೆಲವೇ ನಿಮಿಷಗಳಲ್ಲಿ ಪ್ರಭೇದದ ಹೆಸರನ್ನು ಸೂಚಿಸುತ್ತದೆ. ಆದರೆ ಅದು ಷಿಗೆಲ್ಲವನ್ನು ಎ. ಕೋಲೈಯಿಂದಾಗಲಿ, ಟೈಫಿಯನ್ನು ಇತರ ಸಾಲ್ಮೊನೆಲ್ಲಗಳಿಂದಾಗಲಿ ನೆಚ್ಚುವಂತೆ ಬೇರ್ಪಡಿಸಲಾರದು. ಯಂತ್ರವು ಎ. ಕೋಲೈ ಎಂದು ತೋರಿಸಿದ ಬಣ್ಣವಿಲ್ಲದ, ಚಲಿಸದ ಕಾಲೊನಿಗೆ ಲೈಸಿನ್ ಮತ್ತು ಪ್ರತಿಸೀರಂ ಪರೀಕ್ಷೆ ಮಾಡದೆ ವರದಿ ಕೊಡುವುದು ತಪ್ಪಿಗೆ ದಾರಿ. ಪಿಸಿಆರ್ ಆಧಾರಿತ ಪರೀಕ್ಷೆಗಳು ಮಲದಿಂದಲೇ ನೇರವಾಗಿ ಹಲವು ರೋಗಕಾರಕಗಳನ್ನು ಪತ್ತೆಮಾಡುತ್ತವೆ. ಸತ್ತ ಜೀವಿಯ ಡಿಎನ್‌ಎಯನ್ನೂ ಅವು ತೋರಿಸಬಹುದು, ಮೇಲಾಗಿ ಔಷಧ ಪರೀಕ್ಷೆಗೆ ಬೇಕಾದ ಜೀವಂತ ಜೀವಿಯನ್ನು ಕೊಡುವುದಿಲ್ಲ.

ಸುರಕ್ಷತೆ ಮತ್ತು ವರದಿ

ಷಿಗೆಲ್ಲದ ಹತ್ತರಿಂದ ನೂರು ಕೋಶಗಳಷ್ಟು ಸೋಂಕಿಗೆ ಸಾಕು. ಟೈಫಿ ಮತ್ತು ಷಿಗೆಲ್ಲಗಳಿಂದ ಪ್ರಯೋಗಾಲಯದ ಸಿಬ್ಬಂದಿಗೆ ಸೋಂಕು ತಗಲಿದ ಪ್ರಕರಣಗಳು ದಾಖಲಾಗಿವೆ. ಬಾಯಿಯಿಂದ ಪಿಪೆಟ್ ಎಳೆಯುವುದು ನಿಷಿದ್ಧ.

ಗುರುತಿಸಿದ ಜೀವಿಯ ಹೆಸರಿನೊಡನೆ ಅದು ಯಾವ ಔಷಧಕ್ಕೆ ಮಣಿಯುತ್ತದೆ ಎಂಬುದನ್ನೂ ವರದಿಯಲ್ಲಿ ತಿಳಿಸುತ್ತಾರೆ. ಹೆಸರು ತಪ್ಪಿದರೆ ಈ ಭಾಗವೂ ತಪ್ಪುತ್ತದೆ. ಸಾಲ್ಮೊನೆಲ್ಲ ಮತ್ತು ಷಿಗೆಲ್ಲಗಳು ಪರೀಕ್ಷೆಯ ತಟ್ಟೆಯಲ್ಲಿ ಜೆಂಟಾಮೈಸಿನ್‌ನಂಥ ಅಮೈನೊಗ್ಲೈಕೊಸೈಡ್‌ಗಳಿಗೂ ಮೊದಲ ತಲೆಮಾರಿನ ಸೆಫಲೊಸ್ಪೊರಿನ್‌ಗಳಿಗೂ ಮಣಿಯುವಂತೆ ಕಾಣುತ್ತವೆ, ಆದರೆ ರೋಗಿಯಲ್ಲಿ ಆ ಔಷಧಗಳು ಫಲ ಕೊಡುವುದಿಲ್ಲ. ಆದ್ದರಿಂದ ಈ ಎರಡು ಜೀವಿಗಳ ವರದಿಯಲ್ಲಿ ಆ ಔಷಧಗಳನ್ನು ಪರಿಣಾಮಕಾರಿಯೆಂದು ನಮೂದಿಸಬಾರದು, ಎ. ಕೋಲೈ ವಿಷಯದಲ್ಲಿ ಈ ನಿರ್ಬಂಧ ಇಲ್ಲ.