ಹುಣ್ಣಿಮೆಯ ಹೆಸರು ಮತ್ತು ಗಣಕದ ಕ್ಯಾಲೆಂಡರ್: ಮರುಕಳಿಸುವ ದಿನಗಳ ನಿರೂಪಣೆ

ಉತ್ತರ ಕರ್ನಾಟಕದ ಗ್ರಾಮಜೀವನದಲ್ಲಿ ಕಾಲವನ್ನು ಗುರುತಿಸುವ ಎರಡು ಕ್ರಮಗಳು ಜೊತೆಜೊತೆಯಾಗಿ ಬಳಕೆಯಲ್ಲಿವೆ. ಒಂದು ತಾರೀಖಿನ ಕ್ರಮ, ಮತ್ತೊಂದು ಹುಣ್ಣಿಮೆ-ಅಮಾವಾಸ್ಯೆಗಳ ಕ್ರಮ. ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನ ಕಟಕೋಳ ಮತ್ತು ಅದರ ಸುತ್ತಲಿನ ಪ್ರದೇಶ ಇದಕ್ಕೆ ಉತ್ತಮ ನಿದರ್ಶನ. ೧೮೨೪ರ ಅಕ್ಟೋಬರ್ ೨೩ರ ವಿಜಯವನ್ನು ನೆನೆಯುವ ಕಿತ್ತೂರು ಉತ್ಸವ ತಾರೀಖನ್ನು ಅನುಸರಿಸುತ್ತದೆ. ಅದೇ ರಾಮದುರ್ಗ ತಾಲೂಕಿನ ಗೊಡಚಿಯ ವೀರಭದ್ರ ಜಾತ್ರೆ ಹೊಸ್ತಿಲ ಹುಣ್ಣಿಮೆಯನ್ನೂ, ಸವದತ್ತಿ ಯಲ್ಲಮ್ಮನ ಗುಡ್ಡದ ದೊಡ್ಡ ಜಾತ್ರೆಗಳು ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳನ್ನೂ ಅನುಸರಿಸುತ್ತವೆ. ಈ ಎರಡೂ ಬಗೆಯ ದಿನಗಳನ್ನು ಇಂದು ಮೊಬೈಲ್ ಹಾಗೂ ಗಣಕಯಂತ್ರಗಳ ಕ್ಯಾಲೆಂಡರಿನಲ್ಲಿ ದಾಖಲಿಸಲಾಗುತ್ತಿದೆ. ಮೊದಲನೆಯದನ್ನು ಯಂತ್ರ ಸುಲಭವಾಗಿ ಗ್ರಹಿಸುತ್ತದೆ, ಎರಡನೆಯದರಲ್ಲಿ ಎಡವುತ್ತದೆ. ಇದರ ಕಾರಣವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೧. ಮರುಕಳಿಕೆಯ ನಿಯಮ

ತಂತ್ರಾಂಶ ರಚಿಸುವವರು ಪ್ರತಿಯೊಂದು ಲೆಕ್ಕವನ್ನೂ ಮೊದಲಿನಿಂದ ಬರೆಯುವುದಿಲ್ಲ. ಸಿದ್ಧ ಆದೇಶಗಳ ಸಂಚಯವನ್ನು ಬಳಸಿಕೊಳ್ಳುತ್ತಾರೆ. ಇದನ್ನು ಲೈಬ್ರರಿ ಎನ್ನುತ್ತಾರೆ. ಪೈಥಾನ್ ಭಾಷೆಯ ಡೇಟ್‌ಯುಟಿಲ್, ಜಾವಾ ಭಾಷೆಯ ಐಕ್ಯಾಲ್೪ಜೆ, ಆಪಲ್ ಸಾಧನಗಳ ಈವೆಂಟ್‌ಕಿಟ್ ಇಂಥವು. ಇವುಗಳ ಹಿಂದೆ ಐಕ್ಯಾಲೆಂಡರ್ ಎಂಬ ಸಾಮಾನ್ಯ ಮಾನಕವಿದೆ. ಅದು ೧೯೯೮ರಲ್ಲಿ ಆರ್‌ಎಫ್‌ಸಿ ೨೪೪೫ ಎಂಬ ದಾಖಲೆಯಾಗಿ ಪ್ರಕಟವಾಯಿತು. ೨೦೦೯ರಲ್ಲಿ ಆರ್‌ಎಫ್‌ಸಿ ೫೫೪೫ ಆಗಿ ಪರಿಷ್ಕೃತಗೊಂಡಿತು.

ಈ ಮಾನಕದ ತಿರುಳು ಸರಳವಾದುದು. ಒಂದು ಘಟನೆ ನೂರು ಸಲ ನಡೆಯುವುದಾದರೆ ನೂರು ದಿನಾಂಕಗಳನ್ನು ಬರೆದಿಡಬೇಕಾಗಿಲ್ಲ. ಮೊದಲ ದಿನ ಮತ್ತು ಒಂದು ನಿಯಮ ಸಾಕು. ವಾರಕ್ಕೊಮ್ಮೆಯೋ ವರ್ಷಕ್ಕೊಮ್ಮೆಯೋ, ಯಾವ ತಿಂಗಳು, ಯಾವ ವಾರ, ಎಲ್ಲಿಯವರೆಗೆ ಎಂಬ ಅಂಶಗಳು ಆ ನಿಯಮದಲ್ಲಿರುತ್ತವೆ. ಕೇಳಿದಾಗ ಲೈಬ್ರರಿಯು ನಿಯಮವನ್ನು ಬಿಡಿಸಿ ದಿನಾಂಕಗಳನ್ನು ಒದಗಿಸುತ್ತದೆ. ವಾರದ ಸಂತೆಗೆ 'ಏಳು ದಿನಕ್ಕೊಮ್ಮೆ' ಎಂಬ ನಿಯಮ, ಕಿತ್ತೂರು ಉತ್ಸವದ ಆರಂಭಕ್ಕೆ 'ಪ್ರತಿವರ್ಷ ಅಕ್ಟೋಬರ್ ೨೩' ಎಂಬ ನಿಯಮ ಸಾಕಾಗುತ್ತದೆ. ನಿಯಮಕ್ಕೆ ಎರಡು ಪೂರಕ ಪಟ್ಟಿಗಳೂ ಉಂಟು: ಬಿಡಬೇಕಾದ ದಿನಗಳದೊಂದು, ಸೇರಿಸಬೇಕಾದ ದಿನಗಳದೊಂದು. ಎರಡನೆಯ ಪಟ್ಟಿಯ ಮಹತ್ವ ಮುಂದೆ ತಿಳಿಯುತ್ತದೆ.

೨. ಹುಣ್ಣಿಮೆಯೂ ಒಂದು ನಿಯಮವೇ

ಈ ಭಾಗದ ಜನರು ವರ್ಷದ ಹುಣ್ಣಿಮೆಗಳನ್ನು ದವನದ ಹುಣ್ಣಿಮೆ, ಅಗಿ ಹುಣ್ಣಿಮೆ, ಕಾರ ಹುಣ್ಣಿಮೆ, ಕಡ್ಲಿಗಡಬ ಹುಣ್ಣಿಮೆ, ನೂಲ ಹುಣ್ಣಿಮೆ, ಅನಂತನ ಹುಣ್ಣಿಮೆ, ಸೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ ಎಂದು ಕರೆಯುತ್ತಾರೆ. ಇವು ಕೇವಲ ಅಂಕಿತನಾಮಗಳಲ್ಲ. 'ಭಾರತ ಹುಣ್ಣಿಮೆ' ಎಂದರೆ 'ಚಾಂದ್ರಮಾನದ ಮಾಘ ಮಾಸದ ಶುಕ್ಲಪಕ್ಷದ ಹದಿನೈದನೆಯ ತಿಥಿ' ಎಂದರ್ಥ. ಗಣಕದ ನಿಯಮವು ಒಂದು ಸಾಲಿನಲ್ಲಿ ಹೇಳುವುದನ್ನು ಆಡುಮಾತು ಎರಡು ಪದಗಳಲ್ಲಿ ಹೇಳುತ್ತದೆ.

ಆದರೆ ಈ ನಿಯಮವನ್ನು ತಾರೀಖಿಗೆ ತಂದಾಗ ಮರುಕಳಿಕೆ ಸಮಾನವಾಗಿರುವುದಿಲ್ಲ. ಭಾರತ ಹುಣ್ಣಿಮೆಯು ೨೦೨೩ರಲ್ಲಿ ಫೆಬ್ರವರಿ ೫, ೨೦೨೪ರಲ್ಲಿ ಫೆಬ್ರವರಿ ೨೪, ೨೦೨೫ರಲ್ಲಿ ಫೆಬ್ರವರಿ ೧೨, ೨೦೨೬ರಲ್ಲಿ ಫೆಬ್ರವರಿ ೧ ಎಂದು ಬರುತ್ತದೆ. ನಡುವಿನ ಅಂತರ ಕ್ರಮವಾಗಿ ೩೮೪, ೩೫೪, ೩೫೪ ದಿನಗಳು. ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು ೩೫೪ ದಿನಗಳಾಗುವುದರಿಂದ ಹುಣ್ಣಿಮೆ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. ಹಾಗೆಯೇ ಸರಿಯುತ್ತ ಹೋಗದಂತೆ ಎರಡೂವರೆ-ಮೂರು ವರ್ಷಗಳಿಗೊಮ್ಮೆ ಅಧಿಕ ಮಾಸ ಸೇರುತ್ತದೆ. ೨೦೨೩ರಲ್ಲಿ ಅಧಿಕ ಶ್ರಾವಣ ಬಂದುದೇ ೩೮೪ ದಿನಗಳ ಅಂತರಕ್ಕೆ ಕಾರಣ. ಆದ್ದರಿಂದ 'ಪ್ರತಿವರ್ಷ ಫೆಬ್ರವರಿ ೫' ಎಂದು ದಾಖಲಿಸಿದವರ ಯಂತ್ರವು ಮರುವರ್ಷ ಜಾತ್ರೆಗೆ ಹತ್ತೊಂಬತ್ತು ದಿನ ಮೊದಲೇ ನೆನಪಿಸುತ್ತದೆ.

೩. ಹೆಸರು ಒಂದೇ, ಮಾಸ ಬೇರೆ

ತಾರೀಖಿನ ಬದಲು ಭಾರತೀಯ ಮಾಸಗಳನ್ನೇ ಬಳಸಬಾರದೇಕೆ ಎಂಬ ಪ್ರಶ್ನೆ ಇಲ್ಲಿ ಸಹಜ. ೨೦೧೫ರ ಆರ್‌ಎಫ್‌ಸಿ ೭೫೨೯ ಎಂಬ ದಾಖಲೆಯು ಗ್ರೆಗೋರಿಯನ್ ಅಲ್ಲದ ಕಾಲಗಣನೆಗಳಲ್ಲಿಯೂ ನಿಯಮ ಬರೆಯಲು ಅವಕಾಶ ಕಲ್ಪಿಸಿತು. ಚೀನಿ, ಹೀಬ್ರೂ, ಹಿಜರಿ ಕ್ಯಾಲೆಂಡರುಗಳಿಗೆ ಇದರಿಂದ ಅನುಕೂಲವಾಯಿತು. ಅಧಿಕ ಮಾಸವನ್ನು ಸೂಚಿಸುವ ಚಿಹ್ನೆಯೂ ಅದರಲ್ಲಿದೆ. ಅದು ಆಧರಿಸಿದ ಪಟ್ಟಿಯಲ್ಲಿ ಆಗ ಭಾರತದ ಹೆಸರಿನಲ್ಲಿದ್ದ ಗಣನೆ ರಾಷ್ಟ್ರೀಯ ಶಕ ಪಂಚಾಂಗ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನಿಂದ ರೂಪುಗೊಂಡು ೧೯೫೭ರ ಮಾರ್ಚ್ ೨೨ರಿಂದ ಜಾರಿಗೆ ಬಂದ ಈ ಪಂಚಾಂಗವು ಸೌರಮಾನದ್ದು.

ತೊಡಕು ಇರುವುದು ಇಲ್ಲಿಯೇ. ರಾಷ್ಟ್ರೀಯ ಪಂಚಾಂಗದಲ್ಲಿಯೂ ಚೈತ್ರ, ವೈಶಾಖ, ಮಾಘ ಎಂಬ ಹೆಸರುಗಳಿವೆ. ಆದರೆ ಅಲ್ಲಿನ ಮಾಘವು ಜನವರಿ ೨೧ರಿಂದ ಫೆಬ್ರವರಿ ೧೯ರವರೆಗೆ ಸ್ಥಿರವಾಗಿದೆ. ೨೦೨೪ರ ಭಾರತ ಹುಣ್ಣಿಮೆ ಬಂದುದು ಫೆಬ್ರವರಿ ೨೪ರಂದು; ರಾಷ್ಟ್ರೀಯ ಪಂಚಾಂಗದ ಪ್ರಕಾರ ಅದು ಫಾಲ್ಗುಣ ೫. ಆ ವರ್ಷ ರಾಷ್ಟ್ರೀಯ ಮಾಘದೊಳಗೆ ಬಿದ್ದ ಹುಣ್ಣಿಮೆ ಜನವರಿ ೨೫ರ ಬನದ ಹುಣ್ಣಿಮೆ. ಹೆಸರನ್ನು ನಂಬಿ 'ಮಾಘದ ಹುಣ್ಣಿಮೆ'ಯನ್ನು ಹುಡುಕುವ ತಂತ್ರಾಂಶವು ಒಂದು ಜಾತ್ರೆಯ ಜಾಗದಲ್ಲಿ ಮತ್ತೊಂದು ಜಾತ್ರೆಯನ್ನು ತೋರಿಸುತ್ತದೆ. ಎರಡೂ ಯಲ್ಲಮ್ಮನ ಜಾತ್ರೆಗಳೇ ಆದುದರಿಂದ ತಪ್ಪು ಮೇಲ್ನೋಟಕ್ಕೆ ಕಾಣುವುದೂ ಇಲ್ಲ.

ಚಾಂದ್ರಮಾನವನ್ನೇ ಬಳಸಿದರೂ ಅಧಿಕ ಮಾಸದ ವಿವೇಕ ಬೇಕು. ೨೦೨೬ರ ಮೇ ೧೭ರಿಂದ ಜೂನ್ ೧೫ರವರೆಗೆ ಅಧಿಕ ಜ್ಯೇಷ್ಠ. ಆ ವರ್ಷ ಜ್ಯೇಷ್ಠದ ಹೆಸರಿನಲ್ಲಿ ಎರಡು ಹುಣ್ಣಿಮೆಗಳಿವೆ: ಮೇ ೩೧ ಮತ್ತು ಜೂನ್ ೨೯. ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವ ಕಾರ ಹುಣ್ಣಿಮೆ ಎರಡನೆಯದು, ಅಂದರೆ ನಿಜ ಮಾಸದ್ದು. ಚೀನಿ ಗಣನೆಯಲ್ಲಿ ನಿಜ ಮಾಸ ಮೊದಲು, ಅಧಿಕ ಮಾಸ ಅನಂತರ. ಭಾರತೀಯ ಗಣನೆಯಲ್ಲಿ ಅಧಿಕವೇ ಮೊದಲು. ಒಂದರ ಕ್ರಮವನ್ನು ಮತ್ತೊಂದಕ್ಕೆ ಹಚ್ಚಿದರೆ ಹಬ್ಬ ತಿಂಗಳಷ್ಟು ಪಲ್ಲಟವಾಗುತ್ತದೆ.

೪. ಗಣಿತ ಮತ್ತು ನಿರ್ಣಯ

ಹಿಂದೂ ಚಾಂದ್ರಮಾನದ ಗಣನೆ ಯಂತ್ರಕ್ಕೆ ಅಸಾಧ್ಯವೇನಲ್ಲ. ಡರ್ಷೊವಿಟ್ಜ್ ಮತ್ತು ರೈಂಗೋಲ್ಡ್ ೧೯೯೭ರಲ್ಲಿಯೇ ತಮ್ಮ ಗ್ರಂಥದಲ್ಲಿ ಅದರ ಸೂತ್ರಗಳನ್ನು ನೀಡಿದ್ದರು. ೨೦೨೫ರಲ್ಲಿ ಆಪಲ್ ಸಂಸ್ಥೆಯು ತನ್ನ ಐಓಎಸ್ ೨೬ರಲ್ಲಿ ಗುಜರಾತಿ, ಮರಾಠಿ ಪಂಚಾಂಗಗಳೂ ಸೇರಿದಂತೆ ಹನ್ನೊಂದು ಕ್ಯಾಲೆಂಡರುಗಳನ್ನು ಹೊಸದಾಗಿ ಸೇರಿಸಿತು. ಆದರೆ ಗಣಿತದಾಚೆಗೂ ಒಂದು ಪ್ರಶ್ನೆ ಉಳಿಯುತ್ತದೆ. ತಿಥಿಯೆಂದರೆ ಸೂರ್ಯಚಂದ್ರರ ನಡುವಿನ ೧೨ ಅಂಶಗಳ ಅಂತರ. ಅದರ ಅವಧಿ ಸುಮಾರು ೧೯ರಿಂದ ೨೬ ಗಂಟೆಗಳವರೆಗೆ ವ್ಯತ್ಯಾಸವಾಗುತ್ತದೆ. ಅದು ಮಧ್ಯಾಹ್ನವೋ ನಡುರಾತ್ರಿಯೋ ಆರಂಭವಾಗಬಹುದು. ದಿನದ ತಿಥಿಯನ್ನು ಸಾಮಾನ್ಯವಾಗಿ ಸೂರ್ಯೋದಯದಿಂದ ನಿರ್ಣಯಿಸಲಾಗುವುದರಿಂದ ಊರಿನ ಸ್ಥಾನವೂ ಲೆಕ್ಕಕ್ಕೆ ಬರುತ್ತದೆ. ಸವದತ್ತಿಯು ಭಾರತೀಯ ಪ್ರಮಾಣ ಸಮಯದ ರೇಖೆಗಿಂತ ಸುಮಾರು ಏಳು ರೇಖಾಂಶ ಪಶ್ಚಿಮಕ್ಕಿದೆ. ಅಲ್ಲಿನ ಸ್ಥಳೀಯ ಸಮಯ ಗಡಿಯಾರಕ್ಕಿಂತ ಅರ್ಧ ಗಂಟೆಯಷ್ಟು ಹಿಂದೆ. ದೃಗ್ಗಣಿತ ಮತ್ತು ಸೂರ್ಯಸಿದ್ಧಾಂತದ ಪಂಚಾಂಗಗಳು ಕೆಲವೊಮ್ಮೆ ಭಿನ್ನ ದಿನಗಳನ್ನು ಸೂಚಿಸುವುದೂ ಉಂಟು. ಅಂಥಲ್ಲಿ ಯಾವುದನ್ನು ಸ್ವೀಕರಿಸಬೇಕೆಂಬುದು ಗಣಿತದ ಮಾತಲ್ಲ, ಸಮುದಾಯದ ನಿರ್ಣಯ.

ಇದನ್ನು ಗೌರವಿಸುವ ಮಾರ್ಗ ಐಕ್ಯಾಲೆಂಡರ್ ಮಾನಕದಲ್ಲಿಯೇ ಇದೆ. ಅದು ಮೇಲೆ ಹೇಳಿದ 'ಸೇರಿಸಬೇಕಾದ ದಿನಗಳ' ಪಟ್ಟಿ. ದೇವಸ್ಥಾನವು ಜಾತ್ರೆಯ ದಿನವನ್ನು ನಿಗದಿಪಡಿಸಿದ ಬಳಿಕ ಅದನ್ನು ಈ ಪಟ್ಟಿಗೆ ಸೇರಿಸಿದರೆ ಆ ಪಟ್ಟಿಯನ್ನು ಓದಬಲ್ಲ ಸಾಧನದಲ್ಲಿ ಸರಿಯಾದ ದಿನವೇ ಕಾಣುತ್ತದೆ. ಬಸ್ಸು, ನೀರು, ವೈದ್ಯಕೀಯ ನೆರವುಗಳ ಏರ್ಪಾಟು ಆ ದಿನವನ್ನು ಅವಲಂಬಿಸಿರುವುದರಿಂದ ಈ ನಿಖರತೆ ಅಗತ್ಯ.

ಒಟ್ಟಿನಲ್ಲಿ, ಮರುಕಳಿಸುವುದೆಂದರೆ ಸಮಾನ ಅಂತರದಲ್ಲಿ ಬರುವುದು ಎಂಬ ಗ್ರಹಿಕೆ ತಾರೀಖಿನ ಲೋಕದ್ದು. ಹುಣ್ಣಿಮೆಯ ಹೆಸರುಗಳು ಬೇರೊಂದು ಗ್ರಹಿಕೆಯನ್ನು ಕಾಪಾಡಿಕೊಂಡು ಬಂದಿವೆ. ಹೊಸ್ತಿಲ, ಬನದ, ಭಾರತ ಎಂಬ ಪದಗಳಿಗೆ ಮಾಸ, ಪಕ್ಷ, ಅಧಿಕ-ನಿಜ ವಿವೇಕ ಹಾಗೂ ಪ್ರಾದೇಶಿಕ ಪಾಠಾಂತರಗಳನ್ನು ಒಳಗೊಂಡ ಕೋಶವೊಂದು ಸಿದ್ಧವಾಗಬೇಕಾಗಿದೆ. ಅದು ತಂತ್ರಜ್ಞರೊಬ್ಬರಿಂದಲೇ ಆಗುವ ಕೆಲಸವಲ್ಲ. ಜಾನಪದ ಮತ್ತು ಭಾಷಾಧ್ಯಯನದ ಕ್ಷೇತ್ರಕಾರ್ಯವೂ ಅದಕ್ಕೆ ಬೇಕು.